ಕಡಿಮೆ ಮಂದಿ ಕುಳಿತ ಕಡೆ

ನಮ್ಮ ಇತಿಹಾಸದ ಸರ್ ಯಾವ ವಿಷಯದ ಮೇಲಾದರೂ ತಮ್ಮ ಸ್ವಂತ ಅಭಿಪ್ರಾಯ ಇಂಥದು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಎರಡು ವರ್ಷ ಅವರ ಮುಂದೆ ಕುಳಿತರೂ ಒಮ್ಮೆಯೂ ಕೇಳಿರಲಿಲ್ಲ. ನನ್ನಂಥವಳಿಗೆ ಇದು ಸಹಿಸುವ ಸಂಗತಿಯೇ? ಬಾಜು ಮನೆಯವರ ಒಲೆಯ ಮೇಲೆ ಏನು ಬೇಯುತ್ತಿದೆ, ಯಾರ ಸೊಸೆ ಯಾರೊಂದಿಗೆ ಮಾತು ಬಿಟ್ಟಿದ್ದಾಳೆ, ನಮ್ಮ ಕಾಕಾ ಯಾರಿಗೆ ವೋಟು ಹಾಕಿ ಬಂದರು, ಇಷ್ಟು ಗೊತ್ತಾಗದಿದ್ದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಎಲ್ಲಾದ್ರಾಗೂ ಮೂಗು ತೂರಸ್ತೀ ನೋಡು. ಒಂದಿನ ಯಾರರ ಕದಾ ಹಾಕ್ಕೊಂಡಾಗ ಸಿಕ್ಕೊಂತೈತಿ ಅದು," ಎಂದು ಅವ್ವ ಬೈಯುತ್ತಿದ್ದಳು. ಬೈದರೇನು, ಹುಟ್ಟುಗುಣ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯಲ್ಲಿ ನಮ್ಮ ಮನೆ ಶಿವಬಸವ ನಗರದಲ್ಲಿ, ಕಾಲೇಜು ಟಿಳಕವಾಡಿಯಲ್ಲಿ. ಅದೊಂದು ಖಾಸಗಿ ಸಂಸ್ಥೆಯ ಕಾಲೇಜು, ಹೆಸರು ಬೇಡ. ಸರ್ ಅಲ್ಲಿ ಇತಿಹಾಸದ ಪ್ರಾಧ್ಯಾಪಕರು. ವಯಸ್ಸು ಐವತ್ತರ ಮೇಲೆ. ಯಾವಾಗಲೂ ಬಗಲಲ್ಲೊಂದು ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಜಿಟಿಜಿಟಿ ಮಳೆ ಯಾವಾಗ ಹಿಡಿದುಕೊಳ್ಳುತ್ತದೋ ಹೇಳಲಾಗದ ಊರು ನಮ್ಮದು ಎನ್ನುವುದು ಖರೆ, ಆದರೆ ಏಪ್ರಿಲ್ ತಿಂಗಳಲ್ಲೂ ಕೊಡೆ ಹಿಡಿದು ಬರುವ ಮನುಷ್ಯನನ್ನು ನಾನು ಇವರೊಬ್ಬರನ್ನೇ ನೋಡಿದ್ದು. ಅವರ ನೌಕರಿ ಸರಕಾರದ್ದಲ್ಲ. ಸಂಸ್ಥೆಯ ಆಡಳಿತ ಮಂಡಳಿ ವರ್ಷ ವರ್ಷವೂ ಜೂನ್ ತಿಂಗಳಲ್ಲಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಶನಿವಾರದ ಕೊನೆಯ ತಾಸು ಅವರು ಪಾಠ ಮಾಡುತ್ತಿರಲಿಲ್ಲ. ಅಂದು ವಾದ. ಅದಕ್ಕೊಂದು ಪದ್ಧತಿ ಇತ್ತು. ಯಾರಾದರೂ ಒಂದು ಮಾತು ಮುಂದಿಡಬೇಕು. ಆ ಮಾತನ್ನು ಒಪ್ಪುವವರು ಎದ್ದು ಕಿಟಕಿ ಕಡೆಯ ಬೆಂಚುಗಳಿಗೆ ಹೋಗಬೇಕು, ಒಪ್ಪದವರು ಬಾಗಿಲ ಕಡೆಗೆ. ನಡುವೆ ಕೂರುವಂತಿಲ್ಲ. ಎಲ್ಲರೂ ಕುಳಿತ ಮೇಲೆ ಸರ್ ಎರಡೂ ಕಡೆ ಕಣ್ಣಾಡಿಸಿ, ಯಾವ ಕಡೆ ಮಂದಿ ಕಡಿಮೆಯೋ ಆ ಕಡೆ ಹೋಗಿ ಕುಳಿತುಬಿಡುತ್ತಿದ್ದರು. ಕುಳಿತ ಮೇಲೆ ಆ ಕಡೆಯ ವಕೀಲರು ಅವರೇ. ಅದೂ ಎಂಥ ವಕೀಲಿ! ಹೋದ ವಾರ ಯಾವ ಮಾತನ್ನು ನಮ್ಮೆದುರೇ ನೆಲಕ್ಕೆ ಕೆಡವಿದ್ದರೋ ಈ ವಾರ ಅದೇ ಮಾತಿನ ಕಡೆ ಮಂದಿ ಇಲ್ಲವೆಂದು ಅದನ್ನೇ ಎತ್ತಿ ನಿಲ್ಲಿಸುತ್ತಿದ್ದರು. ವಾದದ ನಡುವೆ ಯಾರ ಮನಸ್ಸು ಬದಲಾದರೂ ಎದ್ದು ಆಚೆ ಹೋಗಬಹುದು, ನಾಚಿಕೆ ಪಡಬೇಕಿಲ್ಲ. ಗಂಟೆ ಹೊಡೆಯುವ ಮುಂಚೆ ಅವರು ತಪ್ಪದೆ ಒಂದು ಮಾತು ಕೇಳುತ್ತಿದ್ದರು: "ಯಾರರ ಏಳ್ತೀರೇನು?" ಏಳುವವರು ಎದ್ದು ಜಾಗ ಬದಲಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಯಾರು ಗೆದ್ದರು ಎಂದು ಅವರು ಹೇಳುತ್ತಿರಲಿಲ್ಲ.

"ಸರ್, ಖರೇ ಹೇಳ್ರಿ, ನಿಮ್ಮ ಮನಸಿನ್ಯಾಗ ಏನೈತ್ರಿ?" ಎಂದು ನಾನು ವರಾಂಡದಲ್ಲಿ ಬೆನ್ನು ಹತ್ತುತ್ತಿದ್ದೆ.

"ನಿನಗೇನ ಅನಸ್ತೈತಿ ತಂಗೀ?"

"ನಂದು ಬಿಡ್ರಿ. ನಿಮ್ದು ಹೇಳ್ರಿ."

"ನನ್ನದು ತಗೊಂಡು ನೀ ಏನ್ ಉಪ್ಪಿನಕಾಯಿ ಹಾಕ್ತೀ?" ಎಂದು ನಗುತ್ತ ಕೊಡೆ ಬಿಚ್ಚಿಕೊಂಡು ಹೋಗುತ್ತಿದ್ದರು. ಸಿಟ್ಟು ನೆತ್ತಿಗೇರುತ್ತಿತ್ತು ನನಗೆ.

ನನ್ನ ಜೊತೆ ಬೆಂಚು ಹಂಚಿಕೊಂಡಿದ್ದ ಗೆಳತಿ ಖಾನಾಪುರದಿಂದ ರೈಲಿಗೆ ಬರುತ್ತಿದ್ದಳು. ಹಲಸಿಯ ಆಚೆಗಿನ ಕಾಡಂಚಿನಲ್ಲಿ ದನ ಕಾಯುತ್ತ ಬಂದ ಗೌಳಿ ಮನೆತನ ಅವಳದು. ಅಪ್ಪನಿಗೆ ಅರಣ್ಯ ಇಲಾಖೆಯಲ್ಲಿ ಕಾವಲುಗಾರನ ನೌಕರಿ ಸಿಕ್ಕ ಮೇಲೆ ಖಾನಾಪುರದಲ್ಲಿ ಮನೆ ಮಾಡಿದ್ದರು. ಮನೆಯಲ್ಲಿ ಅವರಾಡುವುದು ಮರಾಠಿ, ಓದಿದ್ದು ಕನ್ನಡ ಸಾಲೆಯಲ್ಲಿ. ಎರಡೂ ಭಾಷೆಯಲ್ಲಿ ಜಗಳ ಆಡಬಲ್ಲವಳು, ಆದರೆ ಆಡುತ್ತಿದ್ದುದು ಕಡಿಮೆ. ನಾನು ಹತ್ತು ಮಾತಾಡಿದರೆ ಅವಳದೊಂದು. ಆ ಒಂದಕ್ಕೆ ನನ್ನ ಹತ್ತೂ ಬಾಯಿ ಮುಚ್ಚುತ್ತಿದ್ದವು.

ಒಂದು ಚಳಿಗಾಲದಲ್ಲಿ ಸರ್ ನಮ್ಮನ್ನು ಹಲಸಿಗೆ ಕರೆದುಕೊಂಡು ಹೋದರು. ಕದಂಬರ ಕಾಲದ ಗುಡಿಗಳನ್ನು ಸುತ್ತಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾಚಟ್ನಿ ತಿಂದು ಗುಡಿಯ ಪೌಳಿಯಲ್ಲಿ ಕುಳಿತೆವು. ಅಂದು ಶನಿವಾರ. ವಾದ ಬಿಡುವುದುಂಟೇ? ನಮ್ಮ ವರ್ಗದಲ್ಲಿ ಕನ್ನಡ ಸಂಘಟನೆಯ ಒಬ್ಬ ಮುಂದಾಳು ಇದ್ದ, ಕೊರಳಲ್ಲಿ ಸದಾ ಹಳದಿ-ಕೆಂಪು ಶಾಲು. ಅವನೇ ಮಾತು ಇಟ್ಟ: "ನೆಲದಾಗ ಸಿಗೋ ಕಲ್ಲಿನ ಮ್ಯಾಲೆ ಯಾರ ಅಕ್ಷರ ಅದಾವೋ, ಆ ನೆಲ ಅವರದು."

ಪೌಳಿಯಲ್ಲಿ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ. ಒಪ್ಪುವವರು ಬಿಸಿಲಿಗೆ, ಒಪ್ಪದವರು ನೆರಳಿಗೆ ಎಂದಾಯಿತು. ನಾವೆಲ್ಲ ದಡದಡ ಬಿಸಿಲಿಗೆ ಹೋಗಿ ಕುಳಿತೆವು, ನಾನೂ ಸೇರಿ. ಹಳೆಯ ಕನ್ನಡದ ಕಲ್ಲುಗಳೇ ನಮ್ಮ ಪುರಾವೆ ಎಂದು ಕೇಳುತ್ತ ಗಡಿಯ ಊರಿನಲ್ಲಿ ಬೆಳೆದವರು ಆ ಮಾತಿಗೆ ಇಲ್ಲವೆನ್ನುವುದು ಹೇಗೆ? ನೆರಳಲ್ಲಿ ಉಳಿದವಳು ನನ್ನ ಗೆಳತಿ ಒಬ್ಬಳೇ.

"ಬಣ್ಣ ಕೆಡತೈತಿ ಅಂತ ನೆರಳಿಗೆ ಕುಂತೀ ಏನ?" ಎಂದು ಯಾರೋ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕೆವು.

ಅವಳು ನಗಲಿಲ್ಲ. "ನಮ್ಮ ಮಂದಿ ಇಲ್ಲೆ ದನಾ ಕಾಯ್ಕೋತ ಬಂದಾರ. ಯಾವ ಕಲ್ಲಿನ ಮ್ಯಾಲೂ ಏನೂ ಬರದಿಲ್ಲ, ಬರಿಯಾಕ ಬರತಿದ್ದಿಲ್ಲ. ಹಂಗಾರ ನಾವು ಎಲ್ಲಿಯವರು?" ಎಂದಳು.

ಸರ್ ಕೊಡೆ ಊರಿಕೊಂಡು ಎದ್ದರು, ನೆರಳಿಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಆಮೇಲೆ ಅರ್ಧ ತಾಸು ಅವರು ಆಡಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಕಲ್ಲಿನ ಮ್ಯಾಲೆ ಬರಸಿದವರು ಯಾರಪಾ? ನೆಲ ದಾನಾ ಕೊಟ್ಟವರು. ಅವರು ಕೊಡೂಕಿಂತ ಮೊದಲ ಆ ನೆಲದಾಗ ಯಾರೋ ಉಳತಿದ್ದರು, ಯಾರೋ ಮೇಯಸ್ತಿದ್ದರು. ಅವರನ್ನ ಯಾರರ ಕೇಳಿದರೇನು? ಅಕ್ಷರ ಬಲ್ಲವರದಷ್ಟ ನೆಲ ಅಂದ್ರ, ನಮ್ಮ ನಿಮ್ಮ ಮುತ್ತಜ್ಜಂದಿರಿಗೂ ಇಲ್ಲಿ ನಿಂದರಾಕ ಜಾಗಾ ಇಲ್ಲ. ಅವರೇನು ಸಹಿ ಮಾಡತಿದ್ದರ? ಹೆಬ್ಬಟ್ಟು ಒತ್ತತಿದ್ದರು."

ಗುಡಿ ನೋಡಲು ಬಂದ ನಾಲ್ಕು ಜನ ಅಪರಿಚಿತರು ನಿಂತು ಕೇಳಿದರು. ಅವರಿಗೆ ಬಿಸಿಲು-ನೆರಳಿನ ಪದ್ಧತಿ ಏನು ಗೊತ್ತು? ಅವರಲ್ಲೊಬ್ಬ ಪತ್ರಿಕೆಗೆ ಸುದ್ದಿ ಕಳಿಸುವವನಂತೆ. "ಕಲ್ಲುಬರಹ ಇದ್ದ ಮಾತ್ರಕ್ಕೆ ನೆಲ ನಮ್ಮದಾಗದು: ಬೆಳಗಾವಿ ಪ್ರಾಧ್ಯಾಪಕರ ಹೇಳಿಕೆ" ಎಂದು ಎರಡು ದಿನ ಬಿಟ್ಟು ಬಂದೇಬಂತು.

ಅಬ್ಬಬ್ಬಾ, ಊರಿಗೆ ಊರೇ ಎದ್ದು ಕುಳಿತಿತು. ಕಾಲೇಜಿನ ಗೇಟಿನ ಮುಂದೆ ಘೋಷಣೆ, ಗೋಡೆಯ ಮೇಲೆ ಬರಹ. ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಸಿಟಿ ಬಸ್ಸಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು: ಪ್ರಾಧ್ಯಾಪಕನಾದವನು ಏನು ಬೇಕಾದರೂ ಹೇಳಬಹುದೇ? ನನಗಂತೂ ಹಬ್ಬ. ಕಿವಿ ನೆಟ್ಟಗೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡು ಬರುತ್ತಿದ್ದೆ.

ನಮ್ಮ ಮನೆಯಲ್ಲೇ ಎರಡು ಪಕ್ಷ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮುಂಚೆಯೇ ಪತ್ರಿಕೆ ಹಿಡಿದು ಕೂಗುತ್ತಿದ್ದರು: "ಮನಿಯಾಗ ಕುಂತು ಏನರ ಅನ್ನಲಿ, ಯಾರು ಬ್ಯಾಡಂತಾರ? ಹುಡುಗರ ಮುಂದ ನಿಂತು ಅನಬಾರದು!" ಕಾಕಾ ಬಿಡುತ್ತಿರಲಿಲ್ಲ. "ತಿಳಿದವರು ಹುಡುಗರ ಮುಂದ ಅನ್ನೂದು ಬಿಟ್ಟು ಮನಿಯಾಗ ಗ್ವಾಡಿ ಮುಂದ ಅನಬೇಕೇನಣ್ಣಾ? ಯುನಿವರ್ಸಿಟಿ, ಕಾಲೇಜು ಮತ್ಯಾತಕ್ಕ ಅದಾವ?"

"ಗಡಿ ಊರಾಗ ನಿಂತು ಹಿಂಗ ಅಂದ್ರ ನಾಳೆ ಅತ್ತಲಾಗಿನ ಮರಾಠಿಯವರು ಇದನ್ನ ಹಿಡಕೊಂಡು ಕುಣೀತಾರ."

"ಕುಣೀಲಿ ಬಿಡು. ಕುಣದ್ರ ಊರು ಎದ್ದು ಹೋಗ್ತೈತೇನು?"

ಅವ್ವ ರೊಟ್ಟಿ ಬಡಿಯುತ್ತಲೇ, "ಆ ಮಾಸ್ತರರ ಹೆಂಡತಿ ಏನ ಅಂತಾಳ ಯಾರರ ಕೇಳಿರೇನು?" ಎಂದಳು. ಅಪ್ಪ ಪತ್ರಿಕೆ ಮಡಚಿದರು.

ಇಷ್ಟೆಲ್ಲ ಕೇಳುತ್ತ ಒಂದು ಸಂಗತಿ ನನಗೆ ವಿಚಿತ್ರ ಎನಿಸತೊಡಗಿತು. ಅವರು ಹೇಳಿದ ಮಾತು ಸರಿಯೋ ತಪ್ಪೋ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಯಾರ ಕಡೆಯವರು ಎಂಬುದಷ್ಟೇ ಎಲ್ಲರಿಗೂ ಬೇಕಾಗಿತ್ತು. ಹಾಗೆ ನೋಡಿದರೆ ನನಗೂ ಅದೇ ಬೇಕಾಗಿತ್ತಲ್ಲ, ಎರಡು ವರ್ಷದಿಂದ! ಈ ವಿಚಾರ ಬಂದಾಗ ನನಗೆ ನನ್ನ ಮೇಲೆಯೇ ಸ್ವಲ್ಪ ಅನುಮಾನ ಬಂತು.

ಸಂಸ್ಥೆಯ ಅಧ್ಯಕ್ಷರು ರಾಜಕೀಯದವರು. ದೊಡ್ಡ ಹೊಟ್ಟೆ, ದೊಡ್ಡ ನಗು. ಮದುವೆ ಮನೆ, ಸತ್ತವರ ಮನೆ ಯಾವುದನ್ನೂ ತಪ್ಪಿಸಿದವರಲ್ಲ. ಅವರು ಸರ್‌ಗೆ ಹೇಳಿ ಕಳಿಸಿದರು: "ನಾನು ಅಂದದ್ದು ತಪ್ಪಾತು" ಎಂದು ನಾಲ್ಕು ಜನರ ಮುಂದೆ ಹೇಳಬೇಕು. ಹೇಳದಿದ್ದರೆ ಜೂನ್‌ನಿಂದ ಕಾಲೇಜಿನಲ್ಲಿ ಜಾಗ ಇಲ್ಲ.

ನಾನೂ ಗೆಳತಿಯೂ ಅಂದೇ ಸರ್ ಮನೆಗೆ ಓಡಿದೆವು. ಟಿಳಕವಾಡಿಯಲ್ಲೇ, ಓಣಿಯ ತುದಿಯಲ್ಲಿ ಬಾಡಿಗೆ ಮನೆ. ಸರ್ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಸರ್, ತಪ್ಪಾತು ಅನಬ್ಯಾಡ್ರಿ. ಅದು ನಮ್ಮ ಕ್ಲಾಸಿನ ಪದ್ಧತಿ, ಮಂದಿ ಕಡಿಮಿ ಇದ್ದ ಕಡೆ ಕುಂತು ಆಡಿದ ಮಾತು, ಆಟ ಅದು ಅಂತ ಹೇಳಿಬಿಡ್ರಿ. ಖರೇನ ಐತಲ್ರಿ? ಮುಗೀತು!" ಎಂದೆ. ನನಗೆ ಅದು ಎಷ್ಟು ಸರಳವಾಗಿ ಕಂಡಿತ್ತೆಂದರೆ, ಇದು ಇವರಿಗೆ ಹೊಳೆದೇ ಇಲ್ಲವಲ್ಲ ಎಂದು ಆಶ್ಚರ್ಯವಾಗಿತ್ತು.

ಸರ್ ನನ್ನ ಗೆಳತಿಯ ಕಡೆ ನೋಡಿದರು. "ನಾ ಆಡಿದ್ದು ಆಟ ಅಂದ್ರ, ಈಕಿ ಆಡಿದ್ದು?" ಎಂದರು. "ಈಕಿ ನೆರಳಿಗೆ ಒಬ್ಬಾಕೀನ ಕುಂತಾಗ ಆಟ ಆಡಾಕ ಕುಂತಿದ್ದಿಲ್ಲವಾ. ಈಗ ನಾ ಆಟ ಅಂತ ಹೇಳಿ ಎದ್ದು ಹೋದ್ರ, ಅಲ್ಲಿ ಮತ್ತ ಈಕಿ ಒಬ್ಬಾಕೀನ ಉಳೀತಾಳ."

ನಾನೂ ಅವರೆಕಾಯಿ ಸುಲಿಯತೊಡಗಿದೆ. ಗೆಳತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ಐದಾರು ಜನ. ಮರಾಠಿ ಸಂಘಟನೆಯ ಹಿರಿಯರು. ಕೈಯಲ್ಲಿ ಶಾಲು, ತೆಂಗಿನಕಾಯಿ, ಹಾರ. ಪ್ರಾಧ್ಯಾಪಕರು ಧೈರ್ಯದಿಂದ ಸತ್ಯ ಹೇಳಿದ್ದಾರೆ, ಸತ್ಕಾರ ಮಾಡಲು ಬಂದಿದ್ದೇವೆ ಎಂದರು. ಸರ್ ಮರಾಠಿಯಲ್ಲೇ ಬರಮಾಡಿಕೊಂಡು ಚಾಪೆ ಹಾಕಿಸಿದರು. ಅವರ ಹೆಂಡತಿ ಒಗ್ಗರಣೆ ಚುರುಮುರಿ, ಚಹಾ ತಂದಿಟ್ಟರು. ಬಂದವರು ಚಹಾ ಕುಡಿಯುತ್ತ, ಈ ಸೀಮೆಯಲ್ಲಿ ಕನ್ನಡದ ಕಲ್ಲುಗಳಿಗೆ ಏನು ಬೆಲೆ, ಆಡುವ ಜನರ ಭಾಷೆಯೇ ಮುಖ್ಯ ಅಲ್ಲವೇ ಎಂದರು. ಎಲ್ಲರೂ ಹೌದೆಂದರು. ಸರ್ ಕಣ್ಣು ಚಾಪೆಯ ಮೇಲೆಲ್ಲ ಒಮ್ಮೆ ಆಡಿತು. ನಾನು ಗೆಳತಿಯನ್ನು ಚಿವುಟಿದೆ. ಇನ್ನೇನಾಗುತ್ತದೆ ಎಂದು ನಮಗಿಬ್ಬರಿಗೂ ಗೊತ್ತಾಗಿಬಿಟ್ಟಿತ್ತು.

ಸರ್ ಎದ್ದುಹೋಗಿ, ಅವರೆದುರು ಖಾಲಿ ಗೋಡೆಗೆ ಬೆನ್ನು ಕೊಟ್ಟು ಒಬ್ಬರೇ ಕುಳಿತರು. ಕುಳಿತು, ಸವಿ ಸವಿ ಮರಾಠಿಯಲ್ಲಿ ಕನ್ನಡದ ವಕಾಲತ್ತು ಶುರು ಮಾಡಿದರು ನೋಡಿ! ಈ ತಾಲ್ಲೂಕಿನ ಹೊಲಗಳಲ್ಲಿ ನೇಗಿಲಿಗೆ ತಾಕುವ ಕಲ್ಲುಗಳು, ಹಳ್ಳಗಳ ಹೆಸರು, ಊರುಗಳ ಹೆಸರು, ಅಜ್ಜಿಯಂದಿರು ಕೂಸು ತೂಗುವಾಗ ಆಡುವ ಮಾತು, ಒಂದೊಂದನ್ನೂ ಎತ್ತಿ ಅವರ ಮುಂದಿಟ್ಟರು. ಬಂದವರ ಮುಖದ ಬಣ್ಣ ಬದಲಾಯಿತು. ಹಿರಿಯರೊಬ್ಬರು ಚಹಾದ ಬಟ್ಟಲು ಕೆಳಗಿಟ್ಟು, "ಗುರೂಜಿ, ನಿಮ್ಮನ್ನು ನಾವು ತಪ್ಪು ತಿಳಿದೆವು," ಎಂದು ಎದ್ದರು. ಶಾಲು, ಕಾಯಿ, ಹಾರ ಬಂದ ದಾರಿಯಲ್ಲೇ ವಾಪಸು ಹೋದವು.

"ಶಾಲರ ಇಸ್ಕೊಂಡು ಆಮ್ಯಾಲೆ ಮಾತಾಡಬೇಕಿಲ್ಲೇನ್ರಿ? ಥಂಡಿ ಎಷ್ಟೈತಿ!" ಎಂದು ಅವರ ಹೆಂಡತಿ ಬಟ್ಟಲು ಎತ್ತುತ್ತ ಅಂದರು. ನಾವು ಬಿದ್ದು ಬಿದ್ದು ನಕ್ಕೆವು. ಸರ್ ಕೂಡ ನಕ್ಕರು. ಆದರೆ ಅವರ ಹೆಂಡತಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಅವರನ್ನೇ ನೋಡಿದ ಪರಿ ನೋಡಿ ನನ್ನ ನಗು ಅಲ್ಲಿಗೇ ನಿಂತಿತು. ಇನ್ನು ಮುಂದೆ ಎರಡೂ ಕಡೆಯವರು ವೈರಿಗಳು.

ಆಮೇಲೆ ನಾವು ವಿದ್ಯಾರ್ಥಿಗಳೆಲ್ಲ ಸೇರಿ ಅಧ್ಯಕ್ಷರ ಮನೆಗೆ ಹೋದೆವು. ಮಾತಾಡುವ ಕೆಲಸ ನನ್ನದು, ಬೇರೆ ಯಾರದಿರುತ್ತದೆ? ಶನಿವಾರದ ಪದ್ಧತಿಯನ್ನು ಪೂರ್ತಿ ವಿವರಿಸಿದೆ. ಕಿಟಕಿ ಕಡೆ, ಬಾಗಿಲ ಕಡೆ, ಸರ್ ಯಾಕೆ ಎದ್ದು ಹೋಗುತ್ತಾರೆ, ಎಲ್ಲ. ಅಧ್ಯಕ್ಷರು ಹೊಟ್ಟೆ ಕುಣಿಸಿ ನಕ್ಕರು.

"ಭಾರೀ ಐತಲ್ಲವಾ ಇದು! ಹಂಗಾರ ಹಿಂಗ ಮಾಡೂಣು. ನಿಮ್ಮ ಪದ್ಧತಿ ಪ್ರಕಾರನ ನಡೀಲಿ. ನಾ ಬರ್ತೀನಿ, ಮಂಡಳಿಯವರೂ ಬರ್ತಾರ. ನಿಮ್ಮ ಸರ್ ಬ್ಯಾಡೋ ಬೇಕೋ, ನೀವ ಕುಂತು ತೋರಸ್ರಿ."

ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆದ್ದೇಬಿಟ್ಟೆವು ಎಂದುಕೊಂಡೆವು. ಮುಂದಿನ ಎರಡು ವಾರ ಒಬ್ಬೊಬ್ಬರನ್ನೇ ಹಿಡಿದು ಹೇಳಿದೆವು: ಎಲ್ಲರೂ ಸರ್ ಕಡೆಗೇ ಕುಳಿತುಕೊಳ್ಳಬೇಕು, ಒಬ್ಬರೂ ಆಚೆ ಕಡೆ ಇರಬಾರದು. ಹಳದಿ-ಕೆಂಪು ಶಾಲಿನವನ ಮನೆಗೂ ಹೋದೆವು. ಅವನು ತಾಸುಗಟ್ಟಲೆ ನಮ್ಮೊಡನೆ ಕಿತ್ತಾಡಿದ. ಕೊನೆಗೆ, "ಅವರು ಅಂದದ್ದು ನನಗ ಇನ್ನೂ ಒಪ್ಪಿಗಿ ಇಲ್ಲ. ಆದ್ರ ಅವರಿಲ್ಲಂದ್ರ ನಾ ಯಾರ ಜೋಡಿ ವಾದಾ ಮಾಡ್ಲಿ?" ಎಂದ. ಅವನೂ ನಮ್ಮ ಕಡೆಗೆ ಬಂದ ಮೇಲೆ ಇನ್ನೇನು ಬೇಕು?

ಮಾರ್ಚ್ ತಿಂಗಳ ಒಂದು ಶನಿವಾರ. ಕಾಲೇಜಿನ ಸಭಾಗೃಹ. ವೇದಿಕೆಯ ಮೇಲೆ ಅಧ್ಯಕ್ಷರು, ಮಂಡಳಿಯವರು. ಕೆಳಗೆ ಕಿಟಕಿ ಕಡೆ ಒಂದು ಸಾಲು ಬೆಂಚು, ಬಾಗಿಲ ಕಡೆ ಒಂದು ಸಾಲು. ಸರ್ ಚೀಲ, ಕೊಡೆ ಹಿಡಿದು ಹಿಂದುಗಡೆ ನಿಂತಿದ್ದರು. ಅಧ್ಯಕ್ಷರೇ ಮಾತು ಇಟ್ಟರು: "ಈ ಪ್ರಾಧ್ಯಾಪಕರನ್ನ ಕಾಲೇಜಿನಿಂದ ತಗೀಬೇಕು. ಹೌದನ್ನವರು ಕಿಟಕಿ ಕಡೆ, ಅಲ್ಲನ್ನವರು ಬಾಗಲಾ ಕಡೆ."

ನಾವು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲ ಕಡೆ ತುಂಬಿಕೊಂಡೆವು. ಜಾಗ ಸಾಲದೆ ಕೆಲವರು ಗೋಡೆಗೆ ಆತು ನಿಂತರು. ಕಿಟಕಿ ಕಡೆಯ ಬೆಂಚುಗಳು ಬಟಾಬಯಲು. ನಾನು ಅಧ್ಯಕ್ಷರ ಮುಖವನ್ನೇ ಹೆಮ್ಮೆಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಗೆಳತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ತಿರುಗಿದೆ.

ಸರ್ ಎರಡೂ ಕಡೆ ಕಣ್ಣಾಡಿಸುತ್ತಿದ್ದರು. ಅಯ್ಯೋ ಶಿವನೇ! ಅಧ್ಯಕ್ಷರಿಗೆ ಅಷ್ಟು ಬಿಡಿಸಿ ಹೇಳಿದ ಪದ್ಧತಿ, ಊರೆಲ್ಲ ಅಡ್ಡಾಡಿ ಮಂದಿಯನ್ನು ಕೂಡಿಸಿದ ನನಗೇ ನೆನಪಾಗಿರಲಿಲ್ಲವಲ್ಲ! ಸರ್ ಮೆಲ್ಲಗೆ ನಡೆದು ಕಿಟಕಿ ಕಡೆ ಹೋಗಿ, ಕೊಡೆಯನ್ನು ಪಕ್ಕಕ್ಕಿಟ್ಟು, ಆ ಖಾಲಿ ಬೆಂಚಿನ ಮೇಲೆ ಒಬ್ಬರೇ ಕುಳಿತರು.

ಕುಳಿತು, ತಮ್ಮನ್ನು ಯಾಕೆ ತೆಗೆದುಹಾಕಬೇಕು ಎಂದು ಹೇಳತೊಡಗಿದರು. "ತಂದಿ-ತಾಯಿ ಮಕ್ಕಳನ್ನ ಇಲ್ಲಿ ಕಳಿಸೂದು ಉತ್ತರ ಕಲಿಯಾಕ. ಈ ಮಾಸ್ತರ ಉತ್ತರ ಕೊಡೂದಿಲ್ಲ, ಇದ್ದ ಉತ್ತರನೂ ಅಳ್ಳಾಡಿಸಿ ಕಳಸ್ತಾನ. ಇದು ಎರಡು ಭಾಷಾ ಒಂದ ಓಣಿಯಾಗ ಇರೋ ಊರು. ಇಲ್ಲಿ ಒಂದೊಂದು ಮಾತಿಗೂ ಬಸ್ಸಿನ ಗಾಜು ಒಡೀತಾವ, ಅಂಗಡಿ ಕದಾ ಬೀಳ್ತಾವ. ಗಾಜು ಒಡದಾಗ ಮಾಸ್ತರ ಕ್ಲಾಸಿನ್ಯಾಗ ಇರ್ತಾನ, ಪೆಟ್ಟು ತಿನ್ನವರು ಬ್ಯಾರೆಯವರು. ತಾ ಆಡಿದ ಮಾತು ಓಣಿಗೆ ಹೋಗಿ ಏನಾಕ್ಕೈತಿ ಅಂತ ವಿಚಾರ ಮಾಡದವನಿಗೆ ಪಾಠ ಮಾಡೂ ಹಕ್ಕು ಯಾಕ ಇರಬೇಕು?"

ಅವರ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ, ಅದೇ ದೊಡ್ಡ ಸಂಕಟ. ನಮ್ಮ ಕಡೆ ಕುಳಿತ ಒಬ್ಬಿಬ್ಬರು ತಲೆಯಾಡಿಸಿದ್ದನ್ನೂ ಕಂಡೆ. ಅಧ್ಯಕ್ಷರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನನಗೆ ಅಳು ಉಕ್ಕಿ ಬಂತು. ನಾವು ಪ್ರೀತಿಯಿಂದ ತುಂಬಿಕೊಂಡ ಬೆಂಚುಗಳೇ ಅವರನ್ನು ಆಚೆ ಅಟ್ಟಿದ್ದವು.

ಆಗ ಗೆಳತಿ ಎದ್ದಳು. ಎಲ್ಲರೂ ನೋಡುತ್ತಿದ್ದಂತೆ ನಡುವಿನ ಜಾಗ ದಾಟಿ ಕಿಟಕಿ ಕಡೆ ಹೋಗಿ ನಿಂತು, "ಸರ್, ಈ ಕಡೆ ನಾ ಅದೀನ್ರಿ," ಎಂದಳು. ಆಮೇಲೆ ನಮ್ಮ ಕಡೆ ತಿರುಗಿ ಕಣ್ಣಲ್ಲೇ ಕರೆದಳು. ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು: ನಾವೆಲ್ಲ ಆ ಕಡೆ ಹೋದರೆ ಸರ್ ಈ ಕಡೆ ಬರಲೇಬೇಕಲ್ಲ! ಹೊಳೆದದ್ದೇ ತಡ, ಪಕ್ಕದವಳನ್ನು ಎಳೆದುಕೊಂಡು ಓಡಿದೆ. ಹಳದಿ-ಕೆಂಪು ಶಾಲಿನವನು ಬೆಂಚು ಹಾರಿ ಬಂದ. ಅವನ ಹಿಂದೆ ಎಲ್ಲರೂ. ನೋಡನೋಡುತ್ತ ಕಿಟಕಿ ಕಡೆ ಕಿಕ್ಕಿರಿಯಿತು, ಬಾಗಿಲ ಕಡೆ ಒಂದು ಹುಳವೂ ಉಳಿಯಲಿಲ್ಲ. ಸರ್ ಅವರನ್ನು ಉಳಿಸಲು ನಾವೆಲ್ಲ ಅವರನ್ನು ತೆಗೆಯಬೇಕೆನ್ನುವ ಕಡೆ ಬಂದು ಕುಳಿತಿದ್ದೆವು.

ಸರ್ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಕೊಡೆ ತೆಗೆದುಕೊಂಡು ಎದ್ದು, ಬಾಗಿಲ ಕಡೆಯ ಖಾಲಿ ಬೆಂಚಿಗೆ ಹೋದರು. ಈ ಸಲ ಕೂರಲಿಲ್ಲ, ನಿಂತೇ ಮಾತಾಡಿದರು.

"ಮಾಸ್ತರ ಅಂದದ್ದು ತಪ್ಪಿದ್ರ ತಪ್ಪು ಅಂತ ತೋರಸ್ರಿ. ತಗದು ಹಾಕಿದ್ರ ತಪ್ಪು ತೋರಿಸಿದಂಗ ಆಗೂದಿಲ್ಲ. ಇವನನ್ನ ತಗೀತೀರಿ, ನಾಳೆ ಇನ್ನೊಬ್ಬಾಂವ ಬರ್ತಾನ. ಅವ ಬಾಯಿ ತೆರಿಯೂಕಿಂತ ಮೊದಲ ಬಾಗಲಾ ಕಡೆ ನೋಡ್ತಾನ, ಹೊರಗ ಯಾರು ಕೇಳಸ್ಕೊಳ್ಳಾಕತ್ತಾರ ಅಂತ. ಹುಡುಗರು ಅದನ್ನ ನೋಡ್ತಾರ. ಅವತ್ತಿನಿಂದ ಆ ಮಾಸ್ತರ ಖರೇ ಹೇಳಿದ್ರೂ, ಇವ ಖರೇ ಅಂತ ಹೇಳಿದ್ನೋ ಹೆದರಿ ಹೇಳಿದ್ನೋ ಅಂತ ಹುಡುಗರಿಗೆ ಗೊತ್ತಾಗೂದಿಲ್ಲ. ನಿಮ್ಮ ಕಡೆ ಮಾತಾಡಿದ್ರೂ ಗೊತ್ತಾಗೂದಿಲ್ರೀ, ಅಧ್ಯಕ್ಷರ! ನಿಮ್ಮ ಮಾತು ಖರೇ ಇದ್ರೂ ಅದಕ್ಕ ಬೆಲಿ ಉಳಿಯೂದಿಲ್ಲ."

ಎರಡು ವರ್ಷದಲ್ಲಿ ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಇದೇ, ಇದೇ ಇವರ ಮನಸ್ಸಿನ ಮಾತು ಎಂದುಕೊಂಡೆ. ಮರುಗಳಿಗೆಯೇ ಅನುಮಾನ. ಅತ್ತ ಕುಳಿತಾಗಲೂ ಮಾತು ಹೀಗೆಯೇ ಮನಸ್ಸಿಗೆ ನಾಟಿತ್ತಲ್ಲ? ಇದು ಅವರ ಮಾತೋ, ಖಾಲಿ ಬೆಂಚಿನ ಮಾತೋ?

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಎದ್ದರು. "ಎರಡೂ ಕಡೆ ಮಾತು ಕೇಳಿದೆ. ಕಣ್ಣಾರೆ ನೋಡಿನೂ ನೋಡಿದೆ. ಹುಡುಗರೆಲ್ಲಾ ಎಲ್ಲಿ ಕುಂತಾರ? ತಗೀಬೇಕು ಅನ್ನೂ ಕಡೆ ಕುಂತಾರ. ಮುಗೀತಲ್ಲ?"

ನಾನು ಹೌಹಾರಿ ಎದ್ದು ನಿಂತೆ. "ಇಲ್ರೀ! ನಾವು ಅದಕ್ಕ ಕುಂತಿಲ್ರಿ! ನಿಮಗ ಗೊತ್ತೈತಲ್ರಿ, ನಿಮ್ಮ ಮನಿಯಾಗ ಎಲ್ಲಾ ಹೇಳೀನ್ರಿ—"

"ಪದ್ಧತಿ ನಿಮ್ದ ಅಲ್ಲೇನವಾ? ನಿಮ್ಮ ಪದ್ಧತಿ ಪ್ರಕಾರನ ಮಾಡೇನಿ," ಎಂದರು. ಈ ಸಲ ನಗಲಿಲ್ಲ. ನನ್ನ ಕಣ್ಣು ತಪ್ಪಿಸಿ, ಮಂಡಳಿಯವರನ್ನು ಕರೆದುಕೊಂಡು ಇಳಿದು ಹೊರಟೇಹೋದರು. ಹೊರಗೆ ಗಾಡಿ ಚಾಲೂ ಆದ ಸದ್ದು ಕೇಳಿತು.

ಯಾರನ್ನು ಬೈಯಲಿ? ಶಾಲಿನವನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಗೆಳತಿಯ ಖಾನಾಪುರದ ರೈಲಿನ ಹೊತ್ತಾಗಿತ್ತು, ಅವಳು ಅಲುಗಾಡಲಿಲ್ಲ.

ಸರ್ ಗೋಡೆಯ ಗಡಿಯಾರ ನೋಡಿದರು. ಪ್ರತಿ ಶನಿವಾರದಂತೆ ಚೀಲವನ್ನು ಹೆಗಲಿಗೆ ಏರಿಸಿಕೊಂಡು, ಪ್ರತಿ ಶನಿವಾರದ ದನಿಯಲ್ಲೇ ಕೇಳಿದರು: "ಯಾರರ ಏಳ್ತೀರೇನು?"

ನಾವು ಎದ್ದೆವು. ಮೊದಲು ಗೆಳತಿ, ಆಮೇಲೆ ನಾನು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಓಡಲಿಲ್ಲ. ನಡುವಿನ ಜಾಗ ದಾಟಿ ಬಾಗಿಲ ಕಡೆ ಬಂದು ಅವರ ಸುತ್ತಲಿನ ಬೆಂಚುಗಳಲ್ಲಿ ಕುಳಿತೆವು. ಕಿಟಕಿ ಕಡೆ ಮತ್ತೆ ಬರಿದಾಯಿತು.

ಸರ್ ಎರಡೂ ಕಡೆ ಕಣ್ಣಾಡಿಸಿದರು. ಪದ್ಧತಿಯ ಪ್ರಕಾರ ಈಗ ಅವರು ಆಚೆ ಹೋಗಬೇಕು. ಅವರ ನೋಟ ಆ ಖಾಲಿ ಬೆಂಚುಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ನಾನು ಅವರ ಕಾಲುಗಳನ್ನೇ ನೋಡುತ್ತಿದ್ದೆ.

ಅವರು ಹೋಗಲಿಲ್ಲ. ಚೀಲ ಕೆಳಗಿಟ್ಟರು. "ಜರಗವಾ ಸ್ವಲ್ಪ, ಜಾಗಾ ಕೊಡು," ಎಂದು ಗೆಳತಿಯನ್ನು ಸರಿಸಿ, ನಮ್ಮ ನಡುವೆ ಕುಳಿತರು.